ಜಪಾನಿ ಬರವಣಿಗೆ: ನಾಲಿಗೆಗೆ ಒಲಿದ ಭಾಷೆಯನ್ನು ಕೈಗೆ ಒಲಿಸಿಕೊಳ್ಳುವ ಬಗೆ

ಕನ್ನಡ ಬಲ್ಲವರಿಗೆ ಜಪಾನಿ ಕಲಿಕೆಯ ಮೊದಲ ಕೆಲವು ತಿಂಗಳು ಉತ್ಸಾಹದಲ್ಲಿ ಕಳೆಯುತ್ತವೆ. ‘ವತಶಿ ವ ಗೊಹನ್ ಒ ತಬೆರು’ ಎಂಬ ವಾಕ್ಯವನ್ನು ಪದದ ಕ್ರಮ ಬದಲಿಸದೆ ‘ನಾನು ಅನ್ನವನ್ನು ಉಣ್ಣುತ್ತೇನೆ’ ಎಂದು ಹೇಳಬಹುದು. ವಿಭಕ್ತಿ ಪ್ರತ್ಯಯ ನಾಮಪದದ ಬೆನ್ನಿಗೆ ಬರುತ್ತದೆ, ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ‘ತಬೆತೆ ಮಿರು’ ಎಂದರೆ ‘ತಿಂದು ನೋಡುವುದು’, ‘ಕೈತೆ ಒಕು’ ಎಂದರೆ ‘ಬರೆದು ಇಡುವುದು’. ಎರಡನೆಯ ಕ್ರಿಯಾಪದಗಳ ಮೂಲ ಅರ್ಥವೂ ನಮ್ಮಂತೆಯೇ ನೋಡು ಮತ್ತು ಇಡು. ಹೀಗೆ ಮಾತು ಬೇಗ ಕೈಗೂಡುತ್ತದೆ, ಬರವಣಿಗೆ ಬಹಳ ಹಿಂದೆ ಉಳಿಯುತ್ತದೆ. ಆ ಅಂತರ ಎಷ್ಟು ದೊಡ್ಡದೆಂಬುದು ಯಾವುದಾದರೂ ಅರ್ಜಿಯನ್ನು ಕೈಯಲ್ಲಿ ತುಂಬಬೇಕಾಗಿ ಬಂದ ದಿನವೇ ತಿಳಿಯುವುದು. ನನಗೂ ಹಾಗೆಯೇ ತಿಳಿಯಿತು: ಓದಬಲ್ಲ ನೂರಾರು ಅಕ್ಷರಗಳಲ್ಲಿ ಪುಸ್ತಕ ಮುಚ್ಚಿ ಬರೆಯಬಲ್ಲವು ಬೆರಳೆಣಿಕೆಯಷ್ಟೇ ಇದ್ದವು.

ಜಪಾನಿ ಬರವಣಿಗೆ ಕಷ್ಟವೆಂದರೆ ಎಲ್ಲರೂ ಸಾವಿರಾರು ಚಿತ್ರಾಕ್ಷರಗಳ ಬಗ್ಗೆ ಮಾತನಾಡುತ್ತಾರೆ. ಅದು ಎಲ್ಲರೂ ನಿರೀಕ್ಷಿಸಿರುವ ಕಷ್ಟ. ನಿರೀಕ್ಷಿಸದಿರುವುದು ಬೇರೆ: ಕನ್ನಡದಲ್ಲಿ ಬರೆಯುವುದೆಂದರೆ ಕೇಳಿದ ಧ್ವನಿಯನ್ನು ಅಕ್ಷರಕ್ಕಿಳಿಸುವುದು, ಜಪಾನಿಯಲ್ಲಿ ಬರೆಯುವುದೆಂದರೆ ಪ್ರತಿ ಪದದಲ್ಲೂ ಯಾವ ಲಿಪಿ, ಯಾವ ಅಕ್ಷರ ಎಂಬುದನ್ನು ಆರಿಸುವುದು. ಈ ಮಾರ್ಗದರ್ಶಿ ಆ ಆಯ್ಕೆಯನ್ನು ಕೈಗೆ ಕಲಿಸುವ ಕ್ರಮವನ್ನು ವಿವರಿಸುತ್ತದೆ.

ಮೊದಲ ಹಂತ: ಕನ್ನಡ ಲಿಪಿಯ ಊರುಗೋಲನ್ನು ಬಿಡುವುದು

ಜಪಾನಿಯಲ್ಲಿ ಮೂರು ಲಿಪಿಗಳು ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಹಿರಗನ ಮತ್ತು ಕತಕನ ಧ್ವನಿಯನ್ನು ಸೂಚಿಸುವ ಲಿಪಿಗಳು, ಒಂದೊಂದರಲ್ಲೂ 46 ಮೂಲ ಅಕ್ಷರಗಳಿವೆ. ಕಂಜಿ ಎಂಬುದು ಚೀನಾದಿಂದ ಬಂದ ಅರ್ಥಾಕ್ಷರ. ಕನ್ನಡದಲ್ಲಿ ಇವನ್ನು ಹಿರಗಾನ, ಕಟಕಾನ, ಕಾಂಜಿ ಎಂದು ಬರೆಯುವ ರೂಢಿಯಿದೆ. ಮೂಲದಲ್ಲಿ ಈ ಹೆಸರುಗಳಲ್ಲಿ ಒಂದೂ ದೀರ್ಘಸ್ವರವಿಲ್ಲ. ಜಪಾನಿಯಲ್ಲಿ ಹ್ರಸ್ವ ದೀರ್ಘಗಳ ವ್ಯತ್ಯಾಸದಿಂದ ಅರ್ಥವೇ ಬದಲಾಗುವುದರಿಂದ ಇಲ್ಲಿ ಮೂಲ ಉಚ್ಚಾರಣೆಯನ್ನೇ ಉಳಿಸಿಕೊಂಡಿದ್ದೇನೆ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ.

ಹಿರಗನವನ್ನು ಕಲಿಯುವಾಗ ನಮ್ಮ ವರ್ಣಮಾಲೆಯನ್ನು ಧಾರಾಳವಾಗಿ ನೆರವಿಗೆ ತೆಗೆದುಕೊಳ್ಳಿ. ಜಪಾನಿ ಅಕ್ಷರಮಾಲೆಯ ಕ್ರಮ ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಮೂಲಕ ನಡೆಸಿದ ಸಂಸ್ಕೃತಾಧ್ಯಯನದಿಂದ ಬಂದದ್ದು. ಸ್ವರಗಳು ಅ, ಇ, ಉ, ಎ, ಒ. ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಚವರ್ಗದ ಜಾಗದಲ್ಲಿ ಸ, ಪವರ್ಗದ ಜಾಗದಲ್ಲಿ ಹ ನಿಂತಿವೆ ಎಂದು ಗಮನಿಸಿದರೆ ಈ ಸಾಲು ನಮಗೆ ಬಾಲ್ಯದಿಂದಲೇ ಬಾಯಿಪಾಠವಾದಂತೆ. ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿರುವಂತೆ ಜಪಾನಿಯಲ್ಲೂ ಹಳೆಯ ಪಕಾರ ಹಕಾರವಾಯಿತು. ಆದ್ದರಿಂದಲೇ ಹಕಾರದ ಮೇಲ್ಬದಿಯಲ್ಲಿ ಎರಡು ಗೀಟು ಹಾಕಿದರೆ ‘ಬ’, ಸಣ್ಣ ಸೊನ್ನೆ ಹಾಕಿದರೆ ‘ಪ’ ಆಗುತ್ತದೆ. ಕಾರಣ ತಿಳಿದ ಮೇಲೆ ಇದನ್ನು ಮರೆಯುವುದು ಕಷ್ಟ.

ಆದರೆ ಕ್ರಮಕ್ಕಷ್ಟೇ ಕನ್ನಡವನ್ನು ಬಳಸಿ. ಟಿಪ್ಪಣಿ ಪುಸ್ತಕದಲ್ಲಿ ಜಪಾನಿ ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಎರಡನೆಯ ವಾರದ ಹೊತ್ತಿಗೆ ಸಂಪೂರ್ಣ ನಿಲ್ಲಿಸಬೇಕು. ಕಿವಿಗೆ ‘ಸೆನ್ಸೇ’ ಎಂದು ಕೇಳುವ, ಗುರು ಎಂಬ ಅರ್ಥದ ಪದವನ್ನು ಹಿರಗನದಲ್ಲಿ ಸೆ, ನ್, ಸೆ, ಇ ಎಂದು ಬರೆಯುತ್ತಾರೆ. ಕನ್ನಡದ ಏತ್ವ ಆ ಕೊನೆಯ ‘ಇ’ಯನ್ನು ಮುಚ್ಚಿಬಿಡುತ್ತದೆ.

ಎರಡನೆಯ ಹಂತ: ಚೌಕದೊಳಗೆ, ಕೋನ ಮುರಿದು ಬರೆಯುವುದು

ಕನ್ನಡದ ಕೈಬರಹ ದುಂಡಗಿನದು. ಲೇಖನಿಯನ್ನು ಎತ್ತದೆ ಸುತ್ತಿ ತರುವುದು ನಮಗೆ ರೂಢಿ. ಜಪಾನಿಯ ಗೆರೆಗಳಿಗೆ ಪ್ರತ್ಯೇಕ ಆರಂಭ, ಪ್ರತ್ಯೇಕ ಅಂತ್ಯ ಇರುತ್ತವೆ, ಮತ್ತು ಪ್ರತಿ ಅಕ್ಷರವೂ ಒಂದು ಕಾಲ್ಪನಿಕ ಚೌಕವನ್ನು ತುಂಬುತ್ತದೆ. ಬಾಯಿ ಎಂಬ ಅರ್ಥದ ‘ಕುಚಿ’ ನೋಡಲು ಒಂದು ಚೌಕ ಮಾತ್ರ. ಅದನ್ನು ಬರೆಯುವುದು ಮೂರು ಗೆರೆಗಳಲ್ಲಿ: ಎಡಗಡೆಯ ಲಂಬರೇಖೆ, ಮೇಲಿನಿಂದ ಹೊರಟು ಬಲಮೂಲೆಯಲ್ಲಿ ಕೋನವಾಗಿ ತಿರುಗಿ ಕೆಳಗಿಳಿಯುವ ರೇಖೆ, ಕೊನೆಗೆ ತಳ. ಅದನ್ನು ಒಂದೇ ಎಳೆತದಲ್ಲಿ ಸುತ್ತಿದರೆ ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ಅರ್ಧ ಇಂಚಿಗೆ ಹತ್ತಿರದ ಚೌಕಗಳಿರುವ ಗಣಿತದ ನೋಟ್‌ಪುಸ್ತಕ ಸಾಕು. ಚೌಕಗಳು ಚಿಕ್ಕದಾಗಿದ್ದರೆ ನಾಲ್ಕನ್ನು ಸೇರಿಸಿ ಒಂದು ಮಾಡಿಕೊಳ್ಳಿ. ನಡುವೆ ಹಾಯುವ ಅಡ್ಡ ಉದ್ದ ಗೆರೆಗಳು ಅಕ್ಷರದ ಸಮತೋಲವನ್ನು ನೋಡಿಕೊಳ್ಳಲು ಅನುಕೂಲವಾಗುತ್ತವೆ. ಬಾಲ್‌ಪೆನ್ ಬೇಡ, ಮೃದುವಾದ 2ಬಿ ಪೆನ್ಸಿಲ್ ಇರಲಿ. ಗೆರೆಯ ಕೊನೆಗೆ ಮೂರು ಬಗೆಯ ಮುಕ್ತಾಯಗಳಿವೆ: ಒತ್ತಿ ನಿಲ್ಲಿಸುವುದು ‘ತೊಮೆ’, ಕೊಕ್ಕೆಯಂತೆ ಚಿಮ್ಮಿಸುವುದು ‘ಹನೆ’, ಒತ್ತಡ ಸಡಿಲಿಸುತ್ತ ಸವರಿ ಬಿಡುವುದು ‘ಹರೈ’. ಗಟ್ಟಿ ಮೊನೆಯಲ್ಲಿ ಈ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ.

ಇಲ್ಲೊಂದು ಅನಿರೀಕ್ಷಿತ ತೊಡಕಿದೆ. ಮುದ್ರಿತ ಅಕ್ಷರಕ್ಕೂ ಕೈಬರಹಕ್ಕೂ ರೂಪದಲ್ಲಿ ಭೇದವಿದೆ. ಹಿರಗನದ ‘ಕಿ’ ಮತ್ತು ‘ಸ’ ಅನೇಕ ಮುದ್ರಣಗಳಲ್ಲಿ ಕೆಳಭಾಗ ಕೂಡಿಕೊಂಡಂತೆ ಕಾಣುತ್ತವೆ, ಕೈಯಲ್ಲಿ ಬರೆಯುವಾಗ ಅಲ್ಲಿ ಪೆನ್ಸಿಲ್ ಎತ್ತಬೇಕು. 2019ರಲ್ಲಿ ‘ರೇವ’ ಎಂಬ ಹೊಸ ಯುಗದ ಹೆಸರು ಪ್ರಕಟವಾದಾಗ ಅದರ ಮೊದಲ ಅಕ್ಷರವನ್ನು ಮುದ್ರಣದಂತೆ ಬರೆಯಬೇಕೋ ಕೈಬರಹದ ರೂಢಿಯಂತೆ ಬರೆಯಬೇಕೋ ಎಂದು ಜಪಾನೀಯರೇ ಕೇಳಿಕೊಂಡರು. ಎರಡೂ ಸರಿ. ಇಂತಹ ಭೇದಗಳನ್ನು ತಪ್ಪೆಂದು ಎಣಿಸಬಾರದೆಂದು ಅಲ್ಲಿನ ಸಂಸ್ಕೃತಿ ಇಲಾಖೆಯ 2016ರ ಮಾರ್ಗಸೂಚಿ ಉದಾಹರಣೆಗಳೊಂದಿಗೆ ತಿಳಿಸುತ್ತದೆ. ಕಲಿಯುವವರು ಮಾಡಬೇಕಾದದ್ದು ಇಷ್ಟೇ: ಅಭ್ಯಾಸಕ್ಕೆ ‘ಕ್ಯೋಕಶೊ’ ಎಂದು ಕರೆಯುವ ಪಠ್ಯಪುಸ್ತಕದ ಅಕ್ಷರಶೈಲಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು.

ಮೂರನೆಯ ಹಂತ: ಹಿರಗನದ ಕಾಗುಣಿತ

ಇಲ್ಲಿ ಕನ್ನಡಿಗರಿಗೆ ಎರಡು ವರಗಳಿವೆ. ಒಂದು, ದ್ವಿತ್ವ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಬೇರೆ ಭಾಷಿಕರು ತಿಂಗಳುಗಟ್ಟಲೆ ಹೆಣಗುವ ಈ ಭೇದ ಅಕ್ಕ, ಅಪ್ಪ, ಹಕ್ಕಿ ಎನ್ನುವ ನಮಗೆ ಸಹಜ. ಬರೆಯುವಾಗ ನಾವು ಒತ್ತಕ್ಷರವನ್ನು ಕೆಳಗೆ ಇಟ್ಟರೆ ಅವರು ದ್ವಿತ್ವಗೊಳ್ಳುವ ವ್ಯಂಜನದ ಮುಂಚೆ ಚಿಕ್ಕ ‘ತ್ಸು’ವನ್ನು ಇಡುತ್ತಾರೆ. ಎರಡು, ‘ನ್’ ಎಂಬ ಒಂಟಿ ಅಕ್ಷರ. ಅದು ನಮ್ಮ ಸೊನ್ನೆಯಂತೆಯೇ ನಡೆದುಕೊಳ್ಳುತ್ತದೆ: ಪ, ಬ ಬಂದಾಗ ಮಕಾರದಂತೆ, ಕ, ಗ ಬಂದಾಗ ಙಕಾರದಂತೆ ಉಚ್ಚಾರವಾಗುತ್ತದೆ, ಬರಹದಲ್ಲಿ ಮಾತ್ರ ಒಂದೇ ರೂಪ. ‘ಅಂಕ’, ‘ಅಂಬು’ ಬರೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಎಚ್ಚರಿಕೆ ಬೇಕು: ಅನುನಾಸಿಕದ ದ್ವಿತ್ವಕ್ಕೆ ಚಿಕ್ಕ ‘ತ್ಸು’ ಬರುವುದಿಲ್ಲ, ಈ ‘ನ್’ ಅಕ್ಷರವೇ ಬರುತ್ತದೆ.

ಈ ಆತ್ಮವಿಶ್ವಾಸದಲ್ಲಿ ನಾವು ಎಡವುವುದು ದೀರ್ಘಸ್ವರಗಳಲ್ಲಿ. ದೀರ್ಘ ‘ಓ’ ಧ್ವನಿಯನ್ನು ಹಿರಗನದಲ್ಲಿ ಸಾಮಾನ್ಯವಾಗಿ ‘ಉ’ ಸೇರಿಸಿ ಬರೆಯುತ್ತಾರೆ. ತೋಕ್ಯೋ ನಗರದ ಹೆಸರು ತೊ, ಉ, ಕಿ, ಚಿಕ್ಕ ಯೊ, ಉ ಎಂದಾಗುತ್ತದೆ. ಕೆಲವೇ ಪದಗಳಲ್ಲಿ ‘ಉ’ ಬದಲು ‘ಒ’ ಬರುತ್ತದೆ: ದೊಡ್ಡದು ಎಂಬ ‘ಓಕೀ’, ದೂರ ಎಂಬ ‘ತೋಇ’, ಮಂಜುಗಡ್ಡೆ ಎಂಬ ‘ಕೋರಿ’, ಬೀದಿ ಎಂಬ ‘ತೋರಿ’, ಹತ್ತು ಎಂಬ ‘ತೋ’. ಈ ಐದನ್ನು ಮೊದಲು ಬಾಯಿಪಾಠ ಮಾಡಿಕೊಂಡರೆ ದಿನಬಳಕೆಯ ಬಹುಪಾಲು ತಪ್ಪುಗಳು ತಪ್ಪುತ್ತವೆ. ಅಕ್ಕ ಎಂಬರ್ಥದ ‘ಒನೇಸನ್’ನಲ್ಲಿ ‘ಇ’ ಇಲ್ಲ, ‘ಎ’ಯೇ ಇದೆ.

ಇನ್ನು ಪ್ರತ್ಯಯಗಳು. ವಾಕ್ಯದ ವಿಷಯವನ್ನು ಸೂಚಿಸುವ ‘ವ’ವನ್ನು ‘ಹ’ ಅಕ್ಷರದಿಂದಲೂ, ದಿಕ್ಕನ್ನು ಸೂಚಿಸುವ ‘ಎ’ಯನ್ನು ‘ಹೆ’ ಅಕ್ಷರದಿಂದಲೂ, ದ್ವಿತೀಯಾ ವಿಭಕ್ತಿಯ ‘ಒ’ವನ್ನು ಅದಕ್ಕೆಂದೇ ಉಳಿದಿರುವ ‘ವೊ’ ಅಕ್ಷರದಿಂದಲೂ ಬರೆಯಬೇಕು. 1946ರಲ್ಲಿ ಕಾಗುಣಿತವನ್ನು ಉಚ್ಚಾರಣೆಗೆ ಹೊಂದಿಸಿ ಸರಳಗೊಳಿಸಿದಾಗಲೂ ಈ ಮೂರನ್ನು ಹಳೆಯ ರೀತಿಯಲ್ಲೇ ಉಳಿಸಿಕೊಂಡರು. ಎಲ್ಲರೂ ಮೊದಲ ದಿನ ಕಲಿಯುವ ‘ಕೊನ್ನಿಚಿವ’ ಎಂಬ ನಮಸ್ಕಾರದ ಕೊನೆಯ ಅಕ್ಷರವೂ ‘ಹ’ವೇ. ‘ಜಿ’, ‘ಜು’ ಧ್ವನಿಗಳಿಗೂ ಎರಡೆರಡು ಅಕ್ಷರಗಳಿವೆ. ಮೂಗಿನಿಂದ ಬರುವ ರಕ್ತಕ್ಕೆ ‘ಹನಜಿ’ ಎನ್ನುತ್ತಾರೆ. ಹನ ಎಂದರೆ ಮೂಗು, ಚಿ ಎಂದರೆ ರಕ್ತ. ಮೂಲದಲ್ಲಿ ‘ಚಿ’ ಇರುವುದರಿಂದ ‘ಚಿ’ಗೆ ಗೀಟು ಹಾಕಿ ಬರೆಯುತ್ತಾರೆ. ಸಂಧಿಯನ್ನು ಬಿಡಿಸಿ ನೋಡುವ ನಮ್ಮ ವ್ಯಾಕರಣದ ಅಭ್ಯಾಸವೇ ಇಲ್ಲಿ ಸಾಕಾಗುತ್ತದೆ.

ನಾಲ್ಕನೆಯ ಹಂತ: ಕತಕನ ಮತ್ತು ನಿಮ್ಮ ಹೆಸರು

ಹೊರಗಿನ ಭಾಷೆಗಳ ಪದಗಳನ್ನು ಬರೆಯುವ ಕತಕನವನ್ನು ಎಲ್ಲರೂ ಅವಸರದಲ್ಲಿ ಕಲಿಯುತ್ತಾರೆ, ಅದರಿಂದಲೇ ಅದು ಕೊನೆಯವರೆಗೂ ಸತಾಯಿಸುತ್ತದೆ. ‘ಶಿ’ ಮತ್ತು ‘ತ್ಸು’ ಅಕ್ಷರಗಳು ಒಂದನ್ನೊಂದು ಹೋಲುತ್ತವೆ. ‘ಶಿ’ಯ ಎರಡು ಪುಟ್ಟ ಗೆರೆಗಳು ಎಡ ಅಂಚಿನಲ್ಲಿ ಒಂದರ ಕೆಳಗೊಂದು ನಿಂತು, ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ‘ತ್ಸು’ವಿನ ಪುಟ್ಟ ಗೆರೆಗಳು ಮೇಲಂಚಿನಲ್ಲಿ ಪಕ್ಕಪಕ್ಕದಲ್ಲಿ ನಿಂತು, ಉದ್ದ ಗೆರೆ ಮೇಲಿನಿಂದ ಎಡಕ್ಕೆ ಇಳಿಯುತ್ತದೆ. ‘ನ್’ ಮತ್ತು ‘ಸೊ’ ಅಕ್ಷರಗಳ ಭೇದವೂ ಇದೇ, ಪುಟ್ಟ ಗೆರೆ ಮಾತ್ರ ಒಂದು ಕಡಿಮೆ. ಇದನ್ನು ಕಣ್ಣಿನಿಂದ ಕಲಿಯಲು ಹೊರಟರೆ ಗೊಂದಲ ಮುಗಿಯುವುದಿಲ್ಲ. ಗೆರೆಯ ದಿಕ್ಕನ್ನು ಕೈ ಕಲಿತರೆ ಎರಡು ದಿನದಲ್ಲಿ ಮುಗಿಯುತ್ತದೆ.

ಕತಕನದಲ್ಲಿ ನಮ್ಮ ಹೆಸರುಗಳು ಬಹಳಷ್ಟನ್ನು ಕಳೆದುಕೊಳ್ಳುತ್ತವೆ. ಲ, ಳ, ರ ಮೂರಕ್ಕೂ ಒಂದೇ ಸಾಲು. ‘ಕಾಲು’, ‘ಕಾಳು’, ‘ಕಾರು’ ಬರಹದಲ್ಲಿ ಒಂದೇ ಆಗುತ್ತವೆ. ಮಹಾಪ್ರಾಣವಿಲ್ಲ, ಮೂರ್ಧನ್ಯವಿಲ್ಲ. ಬೆಂಗಳೂರು ‘ಬೆಂಗರೂರು’ ಆಗುತ್ತದೆ, ಲಕ್ಷ್ಮಿ ‘ರಕುಶುಮೀ’ ಆಗುತ್ತಾಳೆ. ಮೊದಲ ಸಲ ಇದು ಮನಸ್ಸಿಗೆ ತಟ್ಟುವುದು ಸಹಜ. ಜಪಾನಿಗೆ ಹೋಗುವವರಿಗೆ ನನ್ನ ಸಲಹೆ ಇದು: ಹೆಸರಿನ ಕತಕನ ರೂಪವನ್ನು, ದೀರ್ಘಸ್ವರವನ್ನು ಸೂಚಿಸುವ ದೀರ್ಘಗೆರೆ ಎಲ್ಲಿ ಬರಬೇಕು ಎಂಬುದನ್ನೂ ಒಳಗೊಂಡು ಒಮ್ಮೆ ಯೋಚಿಸಿ ನಿರ್ಧರಿಸಿ, ಬ್ಯಾಂಕ್ ಖಾತೆಯಿಂದ ಹಿಡಿದು ಎಲ್ಲ ಅರ್ಜಿಗಳಲ್ಲೂ ಅದೊಂದನ್ನೇ ಬರೆಯಿರಿ. ಒಂದೆಡೆ ದೀರ್ಘ, ಇನ್ನೊಂದೆಡೆ ಹ್ರಸ್ವ ಇದ್ದರೆ ಅವು ಎರಡು ಬೇರೆ ಹೆಸರುಗಳೆಂದು ಎಣಿಕೆಯಾಗುತ್ತವೆ. ಆ ದೀರ್ಘಗೆರೆ ಅಡ್ಡಬರಹದಲ್ಲಿ ಮಲಗಿರುತ್ತದೆ, ಮೇಲಿನಿಂದ ಕೆಳಕ್ಕೆ ಬರೆಯುವಾಗ ಎದ್ದು ನಿಲ್ಲುತ್ತದೆ.

ಐದನೆಯ ಹಂತ: ಕಂಜಿಯನ್ನು ನೆನಪಿನಿಂದ ಬರೆಯುವುದು

2010ರ ಪರಿಷ್ಕರಣೆಯ ನಂತರ ಜಪಾನಿನ ದಿನಬಳಕೆಯ ಅಧಿಕೃತ ಪಟ್ಟಿಯಲ್ಲಿ 2136 ಕಂಜಿಗಳಿವೆ. ಅವುಗಳಲ್ಲಿ 1026 ಅನ್ನು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಸುತ್ತಾರೆ. ಮೊದಲ ತರಗತಿಯ ಪಾಲು 80. ದಿನಕ್ಕೆ ಮೂರರಂತೆ ಕಲಿತರೆ ಆ 1026 ಒಂದು ವರ್ಷಕ್ಕಿಂತ ಸ್ವಲ್ಪ ಮೊದಲೇ ಮುಗಿಯುತ್ತವೆ ಎಂಬ ಲೆಕ್ಕ ಧೈರ್ಯ ಕೊಡುತ್ತದೆ. ಕಷ್ಟವಿರುವುದು ಕಲಿತದ್ದನ್ನು ಉಳಿಸಿಕೊಳ್ಳುವುದರಲ್ಲಿ.

ಗುರುತಿಸುವುದು ಬೇರೆ, ನೆನೆದು ಬರೆಯುವುದು ಬೇರೆ. ಜಪಾನಿ ಭಾಷಾ ಸಾಮರ್ಥ್ಯದ ಪ್ರಸಿದ್ಧ ಪರೀಕ್ಷೆ, ಬೆಂಗಳೂರಿನಲ್ಲೂ ನಡೆಯುವ ಜೆಎಲ್‌ಪಿಟಿ, ಉತ್ತರಗಳನ್ನು ಆರಿಸಿ ಗುರುತು ಹಾಕುವ ಪರೀಕ್ಷೆ. ಅದರ ಅತ್ಯುನ್ನತ ಮಟ್ಟವನ್ನು ಒಂದು ವಾಕ್ಯವನ್ನೂ ಬರೆಯದೆ ದಾಟಬಹುದು. ಕೈಬರಹವನ್ನು ಅಳೆಯಬೇಕೆಂದರೆ ಜಪಾನೀಯರೇ ಬರೆಯುವ ‘ಕಂಜಿ ಕೆಂತೇ’ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ಬಿಡಿಸಿ ನೋಡಿ. ಅದರ 10ನೆಯ ಮಟ್ಟ ಮೊದಲ ತರಗತಿಯ ಆ 80 ಅಕ್ಷರಗಳದ್ದು.

ಒಂದೇ ಅಕ್ಷರವನ್ನು ಸಾಲು ತುಂಬ ಇಪ್ಪತ್ತು ಸಲ ಬರೆಯುವ ಅಭ್ಯಾಸವನ್ನು ನಾನು ಎರಡು ವರ್ಷ ಮಾಡಿದ್ದೇನೆ, ಈಗ ಯಾರಿಗೂ ಹೇಳುವುದಿಲ್ಲ. ಮೂರನೆಯ ಸಲದ ನಂತರ ಕೈ ಮಾದರಿಯನ್ನು ಬಿಟ್ಟು ಹಿಂದಿನ ಚೌಕವನ್ನು ನಕಲು ಮಾಡುತ್ತದೆ, ಅಲ್ಲಿ ತಪ್ಪಿದ್ದರೆ ತಪ್ಪೇ ಗಟ್ಟಿಯಾಗುತ್ತದೆ. ಬದಲಿಗೆ ಮೂರು ಸಲ ನೋಡಿ ಬರೆದು ಪುಟ ಮುಚ್ಚಿ. ಹತ್ತು ನಿಮಿಷದ ನಂತರ ಪದದ ಅರ್ಥ ಮತ್ತು ಉಚ್ಚಾರಣೆಯನ್ನಷ್ಟೇ ನೋಡಿ ನೆನಪಿನಿಂದ ಬರೆಯಿರಿ. ಬಳಿಕ ಮರುದಿನ, ಮೂರು ದಿನಗಳಾದ ಮೇಲೆ, ವಾರವಾದ ಮೇಲೆ, ತಿಂಗಳಾದ ಮೇಲೆ ಹಾಗೆಯೇ ಬರೆಯಿರಿ. ತಪ್ಪಿದ ಅಕ್ಷರ ಮರುದಿನದ ಸರದಿಗೆ ಹಿಂದಿರುಗಲಿ.

ಗೆರೆಗಳನ್ನು ಬಿಡಿಬಿಡಿಯಾಗಿ ನೆನಪಿಡುವ ಬದಲು ಭಾಗಗಳನ್ನು ನೆನಪಿಡಿ. ಒಂದು ಮರ ‘ಕಿ’, ಎರಡು ಮರ ತೋಪು, ಮೂರು ಮರ ಕಾಡು. ಮರಕ್ಕೆ ಒರಗಿದ ಮನುಷ್ಯ ಎಂದರೆ ವಿಶ್ರಾಂತಿ. ಇನ್ನೂ ಉಪಯುಕ್ತವಾದದ್ದು ಧ್ವನಿಸೂಚಕ ಭಾಗ: ‘ಸೇ’ ಎಂದು ಓದುವ ನೀಲಿ ಬಣ್ಣದ ಅಕ್ಷರದ ಪಕ್ಕದಲ್ಲಿ ನೀರಿದ್ದರೆ ಶುದ್ಧ, ಸೂರ್ಯನಿದ್ದರೆ ತಿಳಿಯಾದ ಆಕಾಶ, ಮಾತಿದ್ದರೆ ಬಿನ್ನಹ, ಚೀನೀ ಮೂಲದ ಓದಿನಲ್ಲಿ ಎಲ್ಲವೂ ‘ಸೇ’. ಇದನ್ನು ಅರಿತವರಿಗೆ ಹೊಸ ಅಕ್ಷರ ಪೂರ್ತಿ ಹೊಸದಾಗಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಒಂದು ಗೆರೆಯ ಉದ್ದದಿಂದಲೇ ಅರ್ಥ ಬದಲಾಗುವ ಜೋಡಿಗಳಿವೆ. ಎರಡು ಅಡ್ಡಗೆರೆಗಳಲ್ಲಿ ಕೆಳಗಿನದು ಉದ್ದವಾದರೆ ಮಣ್ಣು, ಮೇಲಿನದು ಉದ್ದವಾದರೆ ಯೋಧ. ಇಂತಹವನ್ನು ಜೋಡಿಯಾಗಿಯೇ ಬರೆದು ಕಲಿಯಿರಿ.

ಗೆರೆಗಳ ಕ್ರಮವನ್ನು ಕಡೆಗಣಿಸಬೇಡಿ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಸುತ್ತುಗಟ್ಟಿನ ತಳದ ಗೆರೆ ಒಳಗಿನದೆಲ್ಲ ಮುಗಿದ ಮೇಲೆ ಎಂಬ ಮೂರು ಸೂತ್ರಗಳು ಬಹುಪಾಲು ಅಕ್ಷರಗಳಿಗೆ ಸಾಕು. ಅಪವಾದಗಳೂ ಇವೆ: ಎಡ, ಬಲ ಎಂಬ ಅಕ್ಷರಗಳ ಮೇಲ್ಭಾಗ ಒಂದೇ ರೀತಿ ಕಂಡರೂ ಎಡಕ್ಕೆ ಅಡ್ಡಗೆರೆ ಮೊದಲು, ಬಲಕ್ಕೆ ಓರೆಗೆರೆ ಮೊದಲು. ಶಾಲೆಗಳು ಅನುಸರಿಸುತ್ತ ಬಂದ ಕ್ರಮ 1958ರಲ್ಲಿ ಶಿಕ್ಷಣ ಸಚಿವಾಲಯ ಹೊರತಂದ ಕೈಪಿಡಿಯಿಂದ ಬಂದದ್ದು, ಬೇರೆ ಕ್ರಮಗಳೆಲ್ಲ ತಪ್ಪೆಂದು ಆ ಕೈಪಿಡಿ ಹೇಳುವುದಿಲ್ಲ. ಆದರೂ ಒಂದೇ ಕ್ರಮಕ್ಕೆ ಅಂಟಿಕೊಂಡರೆ ಮಾತ್ರ ಅಕ್ಷರ ಕೈಯ ನೆನಪಾಗಿ ಉಳಿಯುತ್ತದೆ.

ಆರನೆಯ ಹಂತ: ಯಾವುದನ್ನು ಕಂಜಿಯಲ್ಲಿ ಬರೆಯಬಾರದು

ಕಲಿತ ಕಂಜಿಯನ್ನೆಲ್ಲ ಬಳಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ, ಅದು ಬರಹವನ್ನು ಕೆಡಿಸುತ್ತದೆ. ಜಪಾನಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಕಂಜಿಯಿಂದ ಹಿರಗನಕ್ಕೆ, ಹಿರಗನದಿಂದ ಕಂಜಿಗೆ ಆಗುವ ಬದಲಾವಣೆಯೇ ಪದ ಎಲ್ಲಿ ಮುಗಿಯಿತೆಂದು ಕಣ್ಣಿಗೆ ತೋರಿಸುತ್ತದೆ. ‘ನಿವ ನಿ ವ ನಿವ ನಿವತೊರಿ ಗ ಇರು’, ಅಂದರೆ ‘ಅಂಗಳದಲ್ಲಿ ಎರಡು ಕೋಳಿಗಳಿವೆ’ ಎಂಬ ಮಾತನ್ನು ಬರೀ ಹಿರಗನದಲ್ಲಿ ಬರೆದರೆ ಬಿಡಿಸಿ ಓದಲು ಪ್ರಯಾಸವಾಗುತ್ತದೆ. ಆ ಕೊನೆಯ ‘ಇರು’ ನಮ್ಮ ‘ಇರು’ವಿನಂತೆಯೇ ಕೇಳಿ ಅದೇ ಅರ್ಥ ಕೊಡುವುದು ಕಾಕತಾಳೀಯವಾದರೂ ನನಗೆ ಪ್ರಿಯವಾದ ಕಾಕತಾಳೀಯ.

ಎಲ್ಲಿ ಕಂಜಿ, ಎಲ್ಲಿ ಹಿರಗನ ಎಂಬುದಕ್ಕೆ ನಮ್ಮ ನುಡಿಯೊಳಗೇ ಒಂದು ಒರೆಗಲ್ಲಿದೆ. ‘ಚಿತ್ರ ನೋಡಿದೆ’ ಎಂಬಲ್ಲಿ ನೋಟವಿದೆ, ‘ತಿಂದು ನೋಡಿದೆ’ ಎಂಬಲ್ಲಿ ಕಣ್ಣಿಗೆ ಕೆಲಸವಿಲ್ಲ. ಜಪಾನಿಯಲ್ಲಿ ಮೊದಲ ‘ಮಿರು’ವನ್ನು ಕಂಜಿಯಿಂದ, ಎರಡನೆಯದನ್ನು ಹಿರಗನದಿಂದ ಬರೆಯುತ್ತಾರೆ. ‘ಮೇಜಿನ ಮೇಲೆ ಇಟ್ಟೆ’ ಎಂಬ ‘ಒಕು’ ಕಂಜಿಗೆ, ‘ಬರೆದಿಟ್ಟೆ’ ಎಂಬುದರಲ್ಲಿನ ‘ಒಕು’ ಹಿರಗನಕ್ಕೆ. ಕ್ರಿಯಾಪದ ತನ್ನ ಸ್ವಂತ ಅರ್ಥವನ್ನು ಬಿಟ್ಟು ಇನ್ನೊಂದಕ್ಕೆ ನೆರವಾಗಿ ನಿಂತಿದೆಯೇ ಎಂದು ಕನ್ನಡದಲ್ಲಿ ಒಮ್ಮೆ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಹೇಳುವುದು, ಮಾಡುವುದು ಎಂಬಲ್ಲಿನ ‘ವುದು’ಗೆ ಸಮನಾದ ‘ಕೊತೊ’ ಕೂಡ ಹೀಗೆಯೇ ಹಿರಗನಕ್ಕೆ ಸೇರುತ್ತದೆ.

ಕಂಜಿಯ ಬೆನ್ನಿಗೆ ಬರುವ ಹಿರಗನದ ಬಾಲಕ್ಕೆ ‘ಒಕುರಿಗನ’ ಎಂದು ಹೆಸರು. ‘ತಬೆರು’ವಿನಲ್ಲಿ ‘ತ’ ಮಾತ್ರ ಕಂಜಿ, ‘ಬೆರು’ ಹಿರಗನ. ಎಲ್ಲಿ ಕತ್ತರಿಸಬೇಕೆಂಬುದು ಪದದಿಂದ ಪದಕ್ಕೆ ಬೇರೆಯಾಗಬಹುದು, ಆದ್ದರಿಂದ ಕಂಜಿಯನ್ನು ಒಂಟಿಯಾಗಿ ಕಲಿಯದೆ ಬಾಲಸಹಿತ ಪದವಾಗಿಯೇ ಬರೆದು ಕಲಿಯಬೇಕು.

ಏಳನೆಯ ಹಂತ: ಕೀಲಿಮಣೆ

ಕೀಲಿಮಣೆಯಲ್ಲಿ ಧ್ವನಿಯನ್ನು ಕೊಟ್ಟರೆ ಯಂತ್ರ ಕಂಜಿಗಳನ್ನು ಮುಂದಿಡುತ್ತದೆ, ಸರಿಯಾದುದನ್ನು ನಾವು ಆರಿಸಬೇಕು. ‘ನಿಮ್ಮ ಸಂಸ್ಥೆಯ ವರದಿಗಾರರು ರೈಲಿನಲ್ಲಿ ಸಂಸ್ಥೆಗೆ ಮರಳಿದರು’ ಎಂಬ ವಾಕ್ಯ ಜಪಾನಿಯಲ್ಲಿ ‘ಕಿಶ ನೊ ಕಿಶ ಗ ಕಿಶ ದೆ ಕಿಶ ಶಿತ’ ಎಂದಾಗುತ್ತದೆ. ನಾಲ್ಕು ‘ಕಿಶ’ಗಳಿಗೂ ಕಂಜಿ ಬೇರೆ. ಆದ್ದರಿಂದ ಪದವನ್ನು ಒಂದೊಂದಾಗಿ ಪರಿವರ್ತಿಸದೆ ಇಡೀ ಪದಗುಚ್ಛವನ್ನು ಕೊಟ್ಟು ಪರಿವರ್ತಿಸಿ, ಯಂತ್ರ ಸಂದರ್ಭವನ್ನು ಊಹಿಸಲು ಆಗ ಅನುಕೂಲ. ಕಾಗುಣಿತ ತಿಳಿಯದೆ ಕೀಲಿಮಣೆಯೂ ಕೆಲಸ ಮಾಡುವುದಿಲ್ಲ. ನಮ್ಮ ಭಾಷೆಯ ಹೆಸರೇ ಉದಾಹರಣೆ: ಹಲವು ವ್ಯವಸ್ಥೆಗಳಲ್ಲಿ ‘ಎನ್’ ಕೀಲಿಯನ್ನು ಎರಡು ಸಲ ಒತ್ತಿದರೆ ‘ನ್’ ಎಂಬ ಒಂದೇ ಅಕ್ಷರ ಮೂಡುವುದರಿಂದ ‘ಕನ್ನಡ’ ಬರೆಯಲು ಹೋದರೆ ‘ಕನ್‌ಅದ’ ಆಗುತ್ತದೆ. ಮೂರು ಸಲ ಒತ್ತಬೇಕು.

ಕೈಬರಹವನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳಬೇಕು? 2010ರ ಪಟ್ಟಿಗೆ 29 ಗೆರೆಗಳ, ಖಿನ್ನತೆ ಎಂಬ ಅರ್ಥದ ‘ಉತ್ಸು’ ಸೇರಿದಾಗ, ಎಲ್ಲ ಕಂಜಿಗಳನ್ನೂ ಎಲ್ಲರೂ ಕೈಯಲ್ಲಿ ಬರೆಯಬೇಕಿಲ್ಲವೆಂಬ ನಿಲುವು ಪಟ್ಟಿ ಮಾಡಿದವರದೂ ಆಗಿತ್ತು. ಪ್ರಾಥಮಿಕ ಶಾಲೆಯ 1026 ಅಕ್ಷರಗಳು, ವಿಳಾಸ, ಉದ್ಯೋಗದ ಹೆಸರು ಮತ್ತು ನಿಮ್ಮ ಕ್ಷೇತ್ರದ ಪದಗಳು ಕೈಯಲ್ಲಿರಲಿ, ಉಳಿದವನ್ನು ಓದಿ ಆರಿಸಲು ಬಂದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಎಂಟನೆಯ ಹಂತ: ಪ್ರಬಂಧದ ಹಾಳೆ

ವಾರಕ್ಕೊಂದು ಪುಟ್ಟ ಪ್ರಬಂಧವನ್ನು ‘ಗೆಂಕೋಯೋಶಿ’ ಎಂಬ, ಸಾಮಾನ್ಯವಾಗಿ 400 ಚೌಕಗಳ ಹಾಳೆಯಲ್ಲಿ ಬರೆಯಿರಿ. ಲಂಬಬರಹದಲ್ಲಿ ಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಪ್ಯಾರಾದ ಮೊದಲ ಚೌಕ ಖಾಲಿ. ಚಿಕ್ಕ ‘ತ್ಸು’, ಚಿಕ್ಕ ‘ಯ’ಗಳಿಗೂ ಪೂರ್ಣವಿರಾಮಕ್ಕೂ ತಮ್ಮದೇ ಚೌಕ. ವಿರಾಮ ಚಿಹ್ನೆ ಹೊಸ ಸಾಲಿನ ಮೊದಲ ಚೌಕಕ್ಕೆ ಬೀಳುವಂತಿದ್ದರೆ ಅದನ್ನು ಹಿಂದಿನ ಸಾಲಿನ ಕೊನೆಯ ಚೌಕದಲ್ಲೇ ಅಕ್ಷರದೊಂದಿಗೆ ಸೇರಿಸಬೇಕು.

ಶೈಲಿಯನ್ನು ಮೊದಲ ವಾಕ್ಯಕ್ಕೂ ಮುಂಚೆ ನಿರ್ಧರಿಸಿ. ‘ದೆಸು’, ‘ಮಸು’ ಎಂದು ಮುಗಿಯುವ ವಿನಯದ ಶೈಲಿ ಪತ್ರಕ್ಕೆ, ‘ದೆ ಅರು’ ಎಂದು ಮುಗಿಯುವ ಶೈಲಿ ವರದಿಗೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸುವುದು ದೋಷ. ‘ಮಾಡ್ತೀನಿ’ ಎಂದು ಆಡಿ ‘ಮಾಡುತ್ತೇನೆ’ ಎಂದು ಬರೆಯುವ ನಮಗೆ ಆಡುಮಾತು, ಬರಹಗಳ ಅಂತರ ಹೊಸದಲ್ಲ. ಮಾತಿನಲ್ಲಿ ‘ದೆಮೊ’ ಎನ್ನುವ ‘ಆದರೆ’, ವರದಿಯಲ್ಲಿ ‘ಶಿಕಶಿ’ ಆಗುತ್ತದೆ. ‘ದಕರ’ ಎನ್ನುವ ‘ಆದ್ದರಿಂದ’, ‘ಶಿತಗತ್ತೆ’ ಆಗುತ್ತದೆ.

ತಿದ್ದಿದ ಹಾಳೆ ಕೈಸೇರಿದ ಮೇಲೆ ಕೆಂಪು ಗುರುತುಗಳನ್ನು ನೋಡಿ ಎತ್ತಿಡಬೇಡಿ. ಅದೇ ಪ್ರಬಂಧವನ್ನು ಮೂರು ದಿನ ಬಿಟ್ಟು, ತಿದ್ದಿದ ಹಾಳೆಯನ್ನು ನೋಡದೆ, ಹೊಸ ಹಾಳೆಯ ಮೊದಲ ಚೌಕದಿಂದ ಇನ್ನೊಮ್ಮೆ ಬರೆಯಿರಿ. ಎರಡನೆಯ ಸಲವೂ ತಪ್ಪಿದ ಪದಗಳನ್ನು ಮಾತ್ರ ಪ್ರತ್ಯೇಕ ಪುಸ್ತಕಕ್ಕೆ ಇಳಿಸಿಕೊಂಡು, ಮುಂದಿನ ವಾರದ ಪ್ರಬಂಧದಲ್ಲಿ ಅವು ಬರುವಂತೆ ವಿಷಯವನ್ನು ಆರಿಸಿಕೊಳ್ಳಿ.